ಶೀಟ್ ಫಿಲ್ಮ್ ತುಂಬಲು ಎಷ್ಟು ದೊಡ್ಡ ಟೆಂಟ್ ಬೇಕು?

ಪ್ರಶ್ನೆ: ಹಳೆಯ 4×5 ಇಂಚಿನ ಕ್ಯಾಮೆರಾ ಕೈಗೆ ಬಂದಿದೆ, ಜೊತೆಗೆ ಫಿಲ್ಮ್ ಹಾಳೆ ತುಂಬಿ ಕ್ಯಾಮೆರಾಗೆ ಹಾಕುವ ಆರು ಹೋಲ್ಡರ್. ಬೇಕಲ ಕೋಟೆ, ಅನಂತಪುರದ ಕೆರೆ, ಚಂದ್ರಗಿರಿ ಹೊಳೆ ಎಲ್ಲ ತೆಗೆಯುವ ಆಸೆ. ಮನೆಯಲ್ಲಿ ಡಾರ್ಕ್‌ರೂಮ್ ಇಲ್ಲ. ಚೇಂಜಿಂಗ್ ಬ್ಯಾಗ್ ಸಾಕಾ, ಟೆಂಟೇ ಬೇಕಾ? ಎಷ್ಟು ದೊಡ್ಡದು?
– ಬದಿಯಡ್ಕದ ಓದುಗರು

ಉತ್ತರ: ಟೆಂಟೇ ತಗೊಳ್ಳಿ. ಬ್ಯಾಗ್, ಟೆಂಟ್ ಎರಡೂ ಬೆಳಕು ನುಸುಳದ ಬಟ್ಟೆಯವು, ಅದಕ್ಕೆ ಹೊಲಿದ ತೋಳುಗಳಲ್ಲಿ ಕೈ ಹಾಕಿ ಒಳಗೆ ಕತ್ತಲೆಯಲ್ಲಿ ಫಿಲ್ಮ್ ತುಂಬುವುದು. ನಿಮಗೆ ಬೇಕು ಅನಿಸುವ ಅಳತೆಗಿಂತ ಒಂದು ಸೈಜ್ ದೊಡ್ಡದನ್ನೇ ತಗೊಳ್ಳಿ.

ಬ್ಯಾಗ್ ಕೆಟ್ಟದ್ದಲ್ಲ. 35 ಎಂಎಂ ರೋಲನ್ನು ಡೆವಲಪ್ ಮಾಡುವ ಟ್ಯಾಂಕಿಗೆ ಹಾಕಲು ಧಾರಾಳ ಸಾಕು. ಆದರೆ ಶೀಟ್ ಫಿಲ್ಮ್ ಹಾಳೆಯ ಹಾಗೆ ಬಿಡಿಯಾಗಿ ಕೈಯಲ್ಲಿರುತ್ತದೆ, ಬ್ಯಾಗಿಗೆ ಒಳಗಿನಿಂದ ಆಸರೆ ಇಲ್ಲ, ಬಟ್ಟೆ ಕುಸಿದು ಸೀದಾ ಫಿಲ್ಮ್ ಮೇಲೆಯೇ ಬೀಳುತ್ತದೆ, ಅದರಲ್ಲಿದ್ದ ಧೂಳೂ ಜೊತೆಗೇ ಅಂಟುತ್ತದೆ. ಆ ಧೂಳು ಇದ್ದ ಜಾಗಕ್ಕೆ ಬೆಳಕು ತಾಗುವುದಿಲ್ಲ, ಹಾಗಾಗಿ ಪ್ರಿಂಟಿನಲ್ಲಿ ಕಪ್ಪು ಚುಕ್ಕೆ. ಬಿಳಿ ಚುಕ್ಕೆಯಾದರೆ ಸಣ್ಣ ಬ್ರಷ್ಷಿನಲ್ಲಿ ಬಣ್ಣ ಮುಟ್ಟಿಸಿ ಮುಚ್ಚಬಹುದು, ಕಪ್ಪನ್ನು ತೆಗೆಯುವುದು ದೊಡ್ಡ ಕಷ್ಟ.

ನಾನು ಶುರು ಮಾಡಿದ್ದು ಬ್ಯಾಗಿನಲ್ಲೇ. ಏಪ್ರಿಲ್ ತಿಂಗಳು, ಬೇಕಲದ ಹತ್ತಿರ ಕಾರಿನ ಹಿಂದಿನ ಸೀಟಿನಲ್ಲಿ ಕೂತು ತುಂಬುತ್ತಿದ್ದೆ. ಹತ್ತು ನಿಮಿಷದಲ್ಲಿ ಅಂಗೈ ಒದ್ದೆ, ಎರಡು ಶೀಟ್ ಒಂದಕ್ಕೊಂದು ಅಂಟಿಕೊಂಡವು, ಗಾಬರಿಯಲ್ಲಿ ಎಳೆದೆ. ಮನೆಗೆ ಬಂದು ತೊಳೆದು ನೋಡಿದರೆ ಮುರಕಲ್ಲಿನ ಗೋಡೆ ಸೊಗಸಾಗಿ ಬಂದಿದೆ, ಅದರ ಮೇಲಿನ ಆಕಾಶದಲ್ಲಿ ನನ್ನ ಹೆಬ್ಬೆರಳಿನ ಗುರುತು! ಆ ಬೆಳಕು ಇನ್ನೊಮ್ಮೆ ಸಿಗಲಿಲ್ಲ. ಈಗಲೂ ಬೇಸರವಿದೆ. ನಮ್ಮ ಕರಾವಳಿಯಲ್ಲಿ ಬೆಳಕಿನಷ್ಟೇ ಬೆವರೂ ಫಿಲ್ಮ್ ಕೆಡಿಸುತ್ತದೆ, ಅದಕ್ಕೇ ಒಳಗೆ ಗಾಳಿಗೆ ಸ್ವಲ್ಪ ಜಾಗ ಇರಬೇಕು ಅನ್ನುತ್ತೇನೆ.

ಅಳತೆಗೆ ಬರೋಣ. ಒಂದು 4×5 ಹೋಲ್ಡರ್ ಹೊರಗಿನಿಂದ ಸುಮಾರು 12×16 ಸೆಂಟಿಮೀಟರ್. ಬದಿಗೊಂದರಂತೆ ಒಂದರಲ್ಲಿ ಎರಡು ಶೀಟ್, ಆರು ಹೋಲ್ಡರ್ ಅಂದರೆ 12 ಶೀಟ್. ಅವನ್ನು ಎರಡು ಅಟ್ಟಿ ಮಾಡಿ, ನಡುವೆ ಫಿಲ್ಮ್ ಡಬ್ಬಿ ಇಡಬೇಕು. ಡಬ್ಬಿಗೆ ಸಾಮಾನ್ಯವಾಗಿ ಒಂದರೊಳಗೊಂದು ಕೂರುವ ಮೂರು ಭಾಗ, ಬಿಚ್ಚಿದಾಗ ಮೂರಕ್ಕೂ ಜಾಗ ಬೇಕು. ಇಷ್ಟರ ಮೇಲೆ ನಿಮ್ಮ ಎರಡು ಮುಂಗೈ, ಡಾರ್ಕ್ ಸ್ಲೈಡ್ (ಹೋಲ್ಡರಿನಲ್ಲಿ ಫಿಲ್ಮನ್ನು ಮುಚ್ಚುವ ತೆಳು ಹಲಗೆ) ಪೂರ್ತಿ ಎಳೆಯುವಷ್ಟು ಎಡೆ. ದುಡ್ಡು ಕೊಡುವ ಮೊದಲು ಮೇಜಿನ ಮೇಲೆ ಚಾಕ್‌ಪೀಸಿನಲ್ಲಿ ಟೆಂಟಿನ ತಳದ ಅಳತೆ ಗೆರೆ ಎಳೆಯಿರಿ. ಸಾಮಾನೆಲ್ಲ ಅದರೊಳಗೆ ಇಟ್ಟು ಕಣ್ಣು ಮುಚ್ಚಿ ಕೈ ಆಡಿಸಿ ನೋಡಿ. ಗೆರೆ ದಾಟಿದರೆ ಆ ಟೆಂಟ್ ಬೇಡ. ಮುಂದೆ 8×10 ಕ್ಯಾಮೆರಾದ ಯೋಚನೆ ಇದ್ದರೆ ಈಗಲೇ ಆ ಅಳತೆಯದನ್ನು ನೋಡಿ, ಎರಡು ಸಲ ಖರ್ಚು ಬೇಡ.

ಕಮಾನಿನ ಹಾಗೆ ಬಾಗುವ ಕಡ್ಡಿ ಇರುವುದು ಒಳ್ಳೆಯದು, ಬಟ್ಟೆ ಮೇಲೆಯೇ ನಿಲ್ಲುತ್ತದೆ. ಹ್ಯಾರಿಸನ್ ಟೆಂಟ್ ಇದೇ ತರಹದ್ದು, ಸಿನಿಮಾ ಕ್ಯಾಮೆರಾಗೆ ಫಿಲ್ಮ್ ತುಂಬುವವರೂ ಅದನ್ನು ಬಳಸುತ್ತಾರೆ. ಬೆಲೆ ಮಾತ್ರ ಜಾಸ್ತಿ. ಬೇರೆ ಯಾವುದೇ ಆದರೂ ಜಿಪ್ ಎರಡು ಸಾಲು ಇದೆಯಾ, ತೋಳಿನ ಎಲಾಸ್ಟಿಕ್ ಬಿಗಿ ಇದೆಯಾ ನೋಡಿ. ಹೊರಗಿನ ಬಟ್ಟೆ ಬೆಳ್ಳಿ ಬಣ್ಣದ್ದಾದರೆ ಬಿಸಿಲಿನ ಕಾವು ಕಡಿಮೆ.

ಬಂದ ದಿನವೇ ಪರೀಕ್ಷೆ ಮಾಡಿ. 400 ಐಎಸ್‌ಒ ಫಿಲ್ಮಿನ ಒಂದು ಶೀಟ್ ಒಳಗಿಡಿ, ಮೇಲೊಂದು ನಾಣ್ಯ. ತೋಳುಗಳಲ್ಲಿ ಕೈ ಹಾಕಿಕೊಂಡೇ ಅಂಗಳದ ಬೆಳಕಿನಲ್ಲಿ ಕಾಲು ಗಂಟೆ ಕೂತಿರಿ, ಏಕೆಂದರೆ ಬೆಳಕು ನುಸುಳುವುದು ಜಾಸ್ತಿ ತೋಳಿನ ಕಡೆಯಿಂದಲೇ. ಆಮೇಲೆ ಡೆವಲಪ್ ಮಾಡಿ. ನಾಣ್ಯದ ಆಕಾರ ಕಂಡರೆ ಟೆಂಟ್ ವಾಪಸ್ ಕಳಿಸಿ. ಮತ್ತೆ, ಕೈಯ ಸ್ಮಾರ್ಟ್‌ವಾಚ್ ಬಿಚ್ಚಿಡಲು ಮರೆಯಬೇಡಿ.

ಮನೆಯ ಹತ್ತಿರವೇ ತೆಗೆಯುವುದಾದರೆ? ಆಗ ಅವಸರ ಇಲ್ಲ. ಕಿಟಕಿ ಮುಚ್ಚಿದ ಬಚ್ಚಲು ಮನೆ, ರಾತ್ರಿ ಹೊತ್ತು, ಬಾಗಿಲ ಸಂದಿಗೊಂದು ದಪ್ಪ ಟವೆಲ್ – ನಾನು ಮನೆಯಲ್ಲಿದ್ದರೆ ಈಗಲೂ ಹೀಗೇ ತುಂಬುವುದು. ಸ್ನಾನ ಮಾಡಿದ ಕೂಡಲೇ ಮಾತ್ರ ಬೇಡ.

ಪ್ರಶ್ನೆ: ಟೆಂಟ್ ಇದೆ, ಆದರೂ ಮಳೆಗಾಲದಲ್ಲಿ ಬೆರಳು ಒದ್ದೆಯಾಗುತ್ತದೆ, ಫಿಲ್ಮ್ ತಿರುಗುಮುರುಗಾಗುತ್ತದೆ.
– ಕುಂಬಳೆಯ ಓದುಗರು

ಉತ್ತರ: ಕೈ ತೊಳೆದು ಒರೆಸಿ, ಫ್ಯಾನಿನ ಕೆಳಗೆ ಐದು ನಿಮಿಷ ಕೂತು ಶುರು ಮಾಡಿ. ಪೌಡರ್ ಹಾಕಬೇಡಿ, ಅದೂ ಧೂಳೇ ಅಲ್ವಾ. ನಾಲ್ಕು ಶೀಟ್ ಆದ ಮೇಲೆ ಡಬ್ಬಿ, ಹೋಲ್ಡರ್ ಎಲ್ಲ ಮುಚ್ಚಿ ಕೈ ಹೊರಗೆ ತೆಗೆದು ಒರೆಸಿಕೊಳ್ಳಿ. ಸ್ವಲ್ಪ ತಡವಾಗಲಿ, ಪರವಾಗಿಲ್ಲ.

ತಿರುಗುಮುರುಗಿಗೆ ಮೂಲೆಯ ಕಚ್ಚುಗಳೇ ದಾರಿ. ಶೀಟನ್ನು ಉದ್ದಕ್ಕೆ ಹಿಡಿದಾಗ ಕಚ್ಚು ಮೇಲಿನ ಬಲ ಮೂಲೆಯಲ್ಲಿದ್ದರೆ ಎಮಲ್ಷನ್, ಅಂದರೆ ಬೆಳಕು ಹಿಡಿಯುವ ಲೇಪದ ಬದಿ, ನಿಮ್ಮ ಕಡೆಗಿದೆ. ಡಾರ್ಕ್ ಸ್ಲೈಡಿನ ಹಿಡಿಯ ಬಿಳಿ ಬದಿಯಲ್ಲಿ ಬೆರಳಿಗೆ ತಾಗುವ ಗುಬುಟುಗಳಿರುತ್ತವೆ, ಅದು ಹೊರಗಿದ್ದರೆ ಹೊಸ ಫಿಲ್ಮ್ ಎಂದು ಗುರುತು. ಹಾಳಾದ ಒಂದು ಶೀಟ್ ಇಟ್ಟುಕೊಂಡು ಟಿವಿ ನೋಡುತ್ತಾ ಅಭ್ಯಾಸ ಮಾಡಿ.

ಟೆಂಟನ್ನು ಹಸಿಯಾಗಿ ಮಡಚಬೇಡಿ, ಬೂಷ್ಟು ಹಿಡಿಯುತ್ತದೆ. ಒಳಭಾಗ ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಪೂರ್ತಿ ಒಣಗಿಸಿ.

ಪ್ರಶ್ನೆ: ಎಕ್ಸ್‌ರೇ ಫಿಲ್ಮ್ ಬಳಸಿದರೆ ಟೆಂಟಿನ ಖರ್ಚು ಉಳಿಯುತ್ತದಾ?
– ಮಂಜೇಶ್ವರದ ಓದುಗರು

ಉತ್ತರ: ಮನೆಯಲ್ಲಾದರೆ ಹೌದು. ಹಸಿರು ಬೆಳಕಿಗೆ ಸ್ಪಂದಿಸುವ ಎಕ್ಸ್‌ರೇ ಫಿಲ್ಮಿಗೆ ಕೆಂಪು ಬೆಳಕು ಕಾಣುವುದಿಲ್ಲ, ಹಾಗಾಗಿ ಮಂದ ಕೆಂಪು ದೀಪದಲ್ಲಿ ಕಣ್ಣಾರೆ ನೋಡುತ್ತಾ ತುಂಬಬಹುದು. ಮೊದಲು ಆ ದೀಪಕ್ಕೂ ನಾಣ್ಯದ ಪರೀಕ್ಷೆ ಆಗಲಿ. ಹೆಚ್ಚಿನವುಗಳಿಗೆ ಎರಡೂ ಬದಿಗೆ ಎಮಲ್ಷನ್ ಇರುತ್ತದೆ, ಒದ್ದೆಯಾದಾಗ ಉಗುರು ತಾಗಿದರೂ ಗೀರು ಬೀಳುತ್ತದೆ. 8×10 ಹಾಳೆಯನ್ನು ನಾಲ್ಕು ಮಾಡುವಾಗ ಪ್ರತಿ ತುಂಡಿನ ಅಂಚಿನಿಂದ ಇನ್ನೊಂದು ಮಿಲಿಮೀಟರಿನಷ್ಟು ಕತ್ತರಿಸಿ ತೆಗೆಯಿರಿ, ಇಲ್ಲವಾದರೆ ಹೋಲ್ಡರಿನಲ್ಲಿ ಕೂರುವುದಿಲ್ಲ. ಹೊರಗೆ ಹೋದಲ್ಲಿ ಮತ್ತೆ ತುಂಬಬೇಕಾದರೆ ಮಾತ್ರ ಇದಕ್ಕೂ ಟೆಂಟ್ ಬೇಕೇ ಬೇಕು.