ನಿಮ್ಮ ಮಗನ ಕಪ್ಪು ಟೀ ಶರ್ಟ್ ಮೇಲಿರುವ ಹೆಸರು ಬೆಂಗಳೂರಿನದೇ

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗ ಹಬ್ಬಕ್ಕೆ ಹಾಸನಕ್ಕೆ ಬಂದ. ಮೈಮೇಲೆ ಕಪ್ಪು ಟೀ ಶರ್ಟ್, ಅದರ ಮೇಲೆ 'ಕ್ರಿಪ್ಟೋಸ್' ಎಂಬ ಹೆಸರು. ಏನಪ್ಪ ಇದು ಎಂದರೆ 'ನಮ್ಮ ಬೆಂಗಳೂರಿನ ಹೆವಿ ಮೆಟಲ್ ಬ್ಯಾಂಡ್' ಎಂದು ಎದ್ದು ಹೋದ. ಯಾರು ಇವರು, ಎಲ್ಲಿಂದ ಬಂದರು, ಬೆಂಗಳೂರಿನವರಾದರೆ ಕನ್ನಡದಲ್ಲಿ ಯಾಕೆ ಹಾಡುವುದಿಲ್ಲ, ಹುಡುಗ ದಾರಿ ತಪ್ಪುತ್ತಿಲ್ಲ ತಾನೇ ಎಂದು ಕೇಳಿದ್ದೀರಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ದಾರಿ ತಪ್ಪುತ್ತಿಲ್ಲ ಸರ್. ಹೆವಿ ಮೆಟಲ್ ಅಂದರೆ ಗಿಟಾರ್, ಡ್ರಮ್ ಸದ್ದು ಜೋರಾಗಿರುವ ಒರಟು ರಾಕ್ ಸಂಗೀತ, ಚಿಕ್ಕದಾಗಿ ಮೆಟಲ್ ಎನ್ನುತ್ತೇವೆ. ಬೆಳಿಗ್ಗೆ ಅಮ್ಮ ಸುಪ್ರಭಾತ ಹಾಕುತ್ತಿದ್ದ ಟೇಪ್‌ರೆಕಾರ್ಡರಿನಲ್ಲೇ ರಾತ್ರಿ ಸಣ್ಣ ದನಿಯಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ಎಂಬ ಮೆಟಲ್ ಬ್ಯಾಂಡ್ ಕೇಳಿಕೊಂಡು ಹನುಮಂತನಗರದಲ್ಲಿ ಬೆಳೆದವನು ನಾನು. ಈಗ ನನಗೂ ಶಾಲೆಗೆ ಹೋಗುವ ಮಗಳಿದ್ದಾಳೆ. ಇಪ್ಪತ್ತು ವರ್ಷಕ್ಕೂ ಮೇಲೆ ಕ್ರಿಪ್ಟೋಸನ್ನು ಕೇಳುತ್ತಾ ಬಂದಿದ್ದೇನೆ, ಆ ಸಲಿಗೆಯಿಂದ ಬರೆಯುತ್ತಿದ್ದೇನೆ.

ಕ್ರಿಪ್ಟೋಸ್ ಶುರುವಾದದ್ದು 1998ರಲ್ಲಿ, ಬೆಂಗಳೂರಿನಲ್ಲಿ. ಗಿಟಾರಿನ ನೋಲನ್ ಲೂಯಿಸ್ ಮತ್ತು ಬೇಸ್ ಗಿಟಾರಿನ ಗಣೇಶ್ ಕೃಷ್ಣಸ್ವಾಮಿ ಸೇರಿ ಕಟ್ಟಿದ್ದು. ಹೆಸರು ಗ್ರೀಕ್ ಪದ, 'ಅಡಗಿದ್ದು, ಗುಪ್ತವಾದದ್ದು' ಎಂಬ ಅರ್ಥ. ಇನ್ನೊಬ್ಬ ಗಿಟಾರಿಸ್ಟ್ ರೋಹಿತ್ ಚತುರ್ವೇದಿ ಆಮೇಲೆ ಬಂದವರು. ಡ್ರಮ್ ಬಾರಿಸುವವರು ನಡುನಡುವೆ ಬದಲಾದರು. ಕ್ರಿಪ್ಟೋಸಿಗಿಂತ ಮೊದಲು ಊರಿನಲ್ಲಿ ಮೆಟಲ್ ಇರಲೇ ಇಲ್ಲ ಎಂದೇನಲ್ಲ. ಎಂಬತ್ತರ ದಶಕದ ಕೊನೆಗೇ ಮಿಲೇನಿಯಂ ಎಂಬ ಬ್ಯಾಂಡ್ ಇಲ್ಲಿ ಹೆಸರು ಮಾಡಿತ್ತು, ತೊಂಬತ್ತರ ದಶಕದ ಆರಂಭದಲ್ಲಿ ಡೈಯಿಂಗ್ ಎಂಬ್ರೇಸ್ ಬಂತು. ಆದರೆ ಇಷ್ಟು ದೀರ್ಘಕಾಲ ಹಿಡಿದ ಕೆಲಸ ಬಿಡದೆ, ಒಂದರ ಹಿಂದೊಂದು ಆಲ್ಬಂ ತಂದವರು ಕ್ರಿಪ್ಟೋಸ್. ನನ್ನ ಮಟ್ಟಿಗೆ ಅವರ ಇತಿಹಾಸವೆಂದರೆ ಈ ಪಟ್ಟು ಬಿಡದ ಗುಣವೇ.

ಅದು ಎಷ್ಟು ಕಷ್ಟದ್ದು ಎಂದು ಇವತ್ತಿನ ಹುಡುಗರಿಗೆ ಹೇಳಿದರೂ ನಂಬುವುದಿಲ್ಲ. ತೊಂಬತ್ತರ ದಶಕದಲ್ಲಿ ಮೆಟಲ್ ನಮ್ಮ ಕೈಗೆ ಸಿಗುತ್ತಿದ್ದದ್ದು ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಇಳಿಸಿಕೊಂಡು. ಯಾರದೋ ಅಣ್ಣ ಫಾರಿನ್ನಿಂದ ತಂದ ಒಂದು ಆಲ್ಬಂ ಹತ್ತು ಮನೆ ಸುತ್ತಿ ನಮಗೆ ಬರುವ ಹೊತ್ತಿಗೆ ಅರ್ಧ ಹಾಡು, ಅರ್ಧ 'ಸ್ಸ್' ಸದ್ದು. ಹಾಡಿನ ಹೆಸರುಗಳನ್ನು ಒಳಗಿನ ಕಾಗದದ ಮೇಲೆ ಬಾಲ್ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದೆವು, ತಪ್ಪು ಕಾಗುಣಿತದ ಸಮೇತ. ನಾನೂ ಒಂದು ಎಲೆಕ್ಟ್ರಿಕ್ ಗಿಟಾರ್ ಕೊಂಡೆ. ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್‌ಗೆ ಒಂಬತ್ತು ವೋಲ್ಟ್ ಬ್ಯಾಟರಿ ಬೇಕು, ಅದು ವಾರಕ್ಕೊಂದು ಮುಗಿಯುತ್ತಿತ್ತು. ಎಸ್‌ಪಿ ರಸ್ತೆಯಲ್ಲಿ ಅಂಗಡಿ ಅಂಗಡಿ ತಿರುಗಿ ಅಡಾಪ್ಟರ್ ತಂದು ಹಾಕಿದರೆ ಗಿಟಾರಿಗಿಂತ ಅದರ ಗುಂಯ್‌ಗುಡುವಿಕೆಯೇ ಜಾಸ್ತಿ. ಬೆಂಗಳೂರಿನಲ್ಲಿ ಬ್ಯಾಂಡ್ ಕಟ್ಟಿದ ಪ್ರತಿಯೊಬ್ಬರೂ ಇಂಥದ್ದನ್ನು ದಾಟಿಕೊಂಡೇ ಬಂದವರು.

ಆಗ ವೇದಿಕೆ ಸಿಗುತ್ತಿದ್ದದ್ದು ಹೆಚ್ಚಾಗಿ ಕಾಲೇಜು ಫೆಸ್ಟ್‌ಗಳಲ್ಲಿ. ನಾಗರಬಾವಿಯ ಲಾ ಸ್ಕೂಲಿನ ಸ್ಟ್ರಾಬೆರಿ ಫೀಲ್ಡ್ಸ್ ಅಂದರೆ ನಮಗೆಲ್ಲ ಜಾತ್ರೆ. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಫ್ರೀಡಂ ಜ್ಯಾಮ್ ಎಂದು ಇನ್ನೊಂದು ನಡೆಯುತ್ತಿತ್ತು, ಟಿಕೆಟ್ ಇಲ್ಲದ್ದು. ಎಲ್ಲ ಬ್ಯಾಂಡುಗಳೂ ಪರದೇಶದ ಪ್ರಸಿದ್ಧ ಹಾಡುಗಳನ್ನೇ ನುಡಿಸಬೇಕು, ಇಲ್ಲದಿದ್ದರೆ ಜನ ನಿಲ್ಲುವುದಿಲ್ಲ. ನಾನು ಕ್ರಿಪ್ಟೋಸನ್ನು ಮೊದಲು ನೋಡಿದ್ದು ಒಂದು ಕಾಲೇಜಿನ ಬಯಲು ವೇದಿಕೆಯಲ್ಲಿ. ಮುಂದಿನ ಸಾಲಿನವರು ಒಂದೇ ಸಮನೆ ಯಾವುದೋ ಮೆಟಾಲಿಕಾ ಹಾಡಿಗೆ ಕೂಗುತ್ತಿದ್ದರು. ಇವರು ತಮ್ಮದೇ ಹಾಡು ಶುರು ಮಾಡಿದರು. ನನ್ನ ಪಕ್ಕ ನಿಂತಿದ್ದ ಗೆಳೆಯ 'ಮಗಾ, ಇದು ಇವರದ್ದೇ ಅಂತೆ ಕಣೋ' ಎಂದ. ಇಂಥ ಸಂಗೀತವನ್ನು ನಮ್ಮ ಊರಿನವರೂ ಹೊಸದಾಗಿ ಕಟ್ಟಬಹುದು ಎಂದು ನನಗೆ ಹೊಳೆದದ್ದು ಅವನ ಆ ಮಾತಿನಿಂದ.

ಮೊದಲ ಆಲ್ಬಂ 'ಸ್ಪೈರಲ್ ಅಸೆಂಟ್' ಬಂದದ್ದು 2004ರಲ್ಲಿ. ಎರಡನೆಯದು 'ದಿ ಆರ್ಕ್ ಆಫ್ ಜೆಮಿನಿ', 2008. ಮೂರನೆಯದು 'ದಿ ಕಾಯಿಲ್ಸ್ ಆಫ್ ಅಪೋಲಿಯನ್', 2012. ಎಂಟು ವರ್ಷದಲ್ಲಿ ಬಂದ ಈ ಮೂರನ್ನು ಸಾಲಾಗಿ ಕೇಳಿದರೆ ಕೈ ಪಳಗುತ್ತಾ ಹೋಗುವುದು ಗೊತ್ತಾಗುತ್ತದೆ. ಮೊದಲನೆಯದರಲ್ಲಿ ಹಸಿವು ಇದೆ, ನಯವಿಲ್ಲ. ಎರಡನೆಯದರಲ್ಲಿ ತಿರುವುಗಳು ಹೆಚ್ಚು, ಹಾಡು ಎಲ್ಲಿಗೆ ಹೋಗುತ್ತದೆ ಎಂದು ಊಹಿಸಲಾಗದು. ಮೂರನೆಯದರಲ್ಲಿ ಈಜಿಪ್ಟಿನ ನರಿಮುಖದ ದೇವರ ಮುಖವಾಡದ ಹೆಸರಿನಲ್ಲಿ 'ಮಾಸ್ಕ್ ಆಫ್ ಅನುಬಿಸ್' ಎಂಬ ಹಾಡಿದೆ, ಅದನ್ನು ನಾನು ಇವತ್ತಿಗೂ ತಿಂಗಳಿಗೊಮ್ಮೆಯಾದರೂ ಕೇಳುತ್ತೇನೆ. ನಡುವೆ 2010ರಲ್ಲಿ ಯುರೋಪಿಗೆ ಹೋಗಿ ಊರೂರು ಸುತ್ತಿ ನುಡಿಸಿ ಬಂದರು. 2013ರಲ್ಲಿ ವಾಕೆನ್‌ನಲ್ಲಿ ನುಡಿಸಿದರು, 2017ರಲ್ಲಿ ಮತ್ತೊಮ್ಮೆ. ವಾಕೆನ್ ಅಂದರೆ ಉತ್ತರ ಜರ್ಮನಿಯ ಒಂದು ಸಣ್ಣ ಹಳ್ಳಿ. ಎರಡು ಸಾವಿರದಷ್ಟು ಜನ ಇರುವ ಆ ಊರಿನ ಹೊಲಗಳಲ್ಲಿ 1990ರಿಂದ ಬೇಸಿಗೆಯಲ್ಲಿ ಮೆಟಲ್ ಉತ್ಸವ ನಡೆಯುತ್ತದೆ, ಜಗತ್ತಿನ ಮೂಲೆಮೂಲೆಯಿಂದ ಬಂದವರು ಡೇರೆ ಹಾಕಿಕೊಂಡು ಇರುತ್ತಾರೆ. ಮೆಟಲ್ ಮಂದಿಗೆ ಅದಕ್ಕಿಂತ ದೊಡ್ಡ ಜಾತ್ರೆ ಇಲ್ಲ. ನಮ್ಮ ಊರಿನವರು ಅಲ್ಲಿ ಎರಡು ಸಲ ನುಡಿಸಿ ಬಂದಿದ್ದಾರೆ ಎನ್ನುವಾಗ ನನಗೆ ಈಗಲೂ ಎದೆ ಉಬ್ಬುತ್ತದೆ.

ಅದೇ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಏನಾಗುತ್ತಿತ್ತು? ಒಂದು ಕಡೆ ಅರಮನೆ ಮೈದಾನದಲ್ಲಿ ಪರದೇಶದ ಬ್ಯಾಂಡುಗಳಿಗೆ ಭರ್ತಿ ಜನ. 2007ರ ಮಾರ್ಚ್ 17ರಂದು ಐರನ್ ಮೇಡನ್, 2008ರಲ್ಲಿ ಮೆಗಾಡೆತ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಐರನ್ ಮೇಡನ್ ದಿನ ನಾನು ಮಧ್ಯಾಹ್ನದಿಂದಲೇ ಬಿಸಿಲಿನಲ್ಲಿ ನಿಂತಿದ್ದೆ. ಗುವಾಹಟಿಯಿಂದ, ಶಿಲ್ಲಾಂಗ್‌ನಿಂದ ರೈಲಿನಲ್ಲಿ ದಿನಗಟ್ಟಲೆ ಪ್ರಯಾಣ ಮಾಡಿ ಬಂದ ಹುಡುಗರ ಜೊತೆ ಬಿಸ್ಕತ್ತು ಹಂಚಿಕೊಂಡು ತಿಂದೆ.

ಇನ್ನೊಂದು ಕಡೆ ಊರಿನ ಬ್ಯಾಂಡುಗಳಿಗೆ ನಿಲ್ಲಲು ಜಾಗವಿಲ್ಲ. ಇದಕ್ಕೊಂದು ಕಾರಣ ನಿಮಗೆ ವಿಚಿತ್ರವೆನಿಸಬಹುದು. ಬೆಂಗಳೂರಿನಲ್ಲಿ 'ಲೈವ್ ಬ್ಯಾಂಡ್' ಎಂಬ ಮಾತಿಗೆ ಬೇರೆಯೇ ಅರ್ಥ ಬಂದುಬಿಟ್ಟಿತ್ತು: ಹೆಣ್ಣುಮಕ್ಕಳನ್ನು ಕುಣಿಸುವ ಬಾರ್. ಅವುಗಳನ್ನು ಹದ್ದುಬಸ್ತಿನಲ್ಲಿಡಲು 2005ರಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಬೇಕೆಂಬ ಆದೇಶ ಬಂತು. ಆ ಬಲೆಯಲ್ಲಿ ಗಿಟಾರ್ ಹಿಡಿದವರೂ ಸಿಕ್ಕಿಕೊಂಡರು. ಆದೇಶದ ವಿರುದ್ಧದ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2018ರಲ್ಲಿ ಕೋರ್ಟ್ ಆದೇಶವನ್ನೇ ಎತ್ತಿಹಿಡಿಯಿತು. ನಮ್ಮದೂ ಒಂದು ಪುಟ್ಟ ಬ್ಯಾಂಡ್ ಇತ್ತು. 2008ರಲ್ಲಿ ಒಂದು ಪಬ್ಬಿನಲ್ಲಿ ಮೂರನೆಯ ಹಾಡಿನ ನಡುವೆ ಮಾಲೀಕರೇ ಓಡಿಬಂದು ಪ್ಲಗ್ ಕಿತ್ತರು. ಹೊರಗೆ ಜೀಪ್ ನಿಂತಿತ್ತು. ನಾವು ಆ್ಯಂಪ್ಲಿಫೈಯರನ್ನು ಆಟೋಗೆ ಹೇರಿಕೊಂಡು ಮನೆಗೆ ಬಂದೆವು, ಅದೇ ಕೊನೆ. ಎಷ್ಟೋ ಬ್ಯಾಂಡುಗಳು ಹೀಗೆಯೇ ಕರಗಿಹೋದವು. ಒಬ್ಬನಿಗೆ ಅಮೆರಿಕದ ವೀಸಾ, ಒಬ್ಬನಿಗೆ ಮದುವೆ, ಒಬ್ಬನಿಗೆ ರಾತ್ರಿ ಪಾಳಿ. ಮೆಟಲ್ ನುಡಿಸಿಯೇ ಹೊಟ್ಟೆ ಹೊರೆದುಕೊಳ್ಳುವವರು ನಮ್ಮ ದೇಶದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕ್ರಿಪ್ಟೋಸ್ ಉಳಿಯಿತು.

ಉಳಿದದ್ದಷ್ಟೇ ಅಲ್ಲ, ಆಮೇಲೆ ಅವರು ಮಾಡಿದ್ದು ನನಗೆ ತುಂಬ ಇಷ್ಟ. ಆ ವರ್ಷಗಳಲ್ಲಿ ಮೆಟಲ್‌ನಲ್ಲಿ ಹೊಸ ನೀರು ಬಂದು ಹಳೇ ನೀರನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಎಲ್ಲರೂ ಇನ್ನೂ ವೇಗ, ಇನ್ನೂ ಒರಟು, ಇನ್ನೂ ಲೆಕ್ಕಾಚಾರದ ತಾಳ ಎನ್ನುತ್ತಿದ್ದರೆ, ಇವರು 2016ರ 'ಬರ್ನ್ ಅಪ್ ದ ನೈಟ್'ನಲ್ಲಿ ಎಂಬತ್ತರ ದಶಕಕ್ಕೆ ನೇರವಾಗಿ ಕಾಲಿಟ್ಟರು. ಚಿಕ್ಕ ಹಾಡು, ಒಂದು ಸಲ ಕೇಳಿದರೆ ಬಾಯಿಗೆ ಬರುವ ಪಲ್ಲವಿ, ಓಡುವ ಕುದುರೆಯಂಥ ಲಯ. ಅದರ ಮೇಲೆ ನೋಲನ್ ಅವರ ಗೀರಿದಂಥ ಒರಟು ಕಂಠ. ಇದನ್ನು ಹೊರತಂದದ್ದು ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್. ಅಲ್ಲಿಂದಲೇ 2019ರಲ್ಲಿ 'ಆಫ್ಟರ್‌ಬರ್ನರ್', 2021ರಲ್ಲಿ 'ಫೋರ್ಸ್ ಆಫ್ ಡೇಂಜರ್', 2024ರಲ್ಲಿ 'ಡೆಸಿಮೇಟರ್' ಬಂದವು. ಹಳೆಯದಕ್ಕೆ ಹೋಗಿ ಅಲ್ಲೇ ಕೂತರು ಎಂದು ಮೂಗು ಮುರಿಯುವವರು ನನ್ನ ಗೆಳೆಯರಲ್ಲೇ ಇದ್ದಾರೆ. ನಾನು ಒಪ್ಪುವುದಿಲ್ಲ. ತಮಗೆ ಪ್ರಾಣವಾದದ್ದು ಯಾವುದೆಂದು ಕಂಡುಕೊಳ್ಳಲು ಅವರಿಗೆ ಮೂರು ಆಲ್ಬಂ ಬೇಕಾಯಿತು, ಕಂಡುಕೊಂಡ ಮೇಲೆ ಅದನ್ನೇ ತಿದ್ದಿ ತೀಡುತ್ತಿದ್ದಾರೆ.

ಬರೀ ಗಲಾಟೆ ಎನ್ನುವವರಿಗೆ ನಾನು ಎರಡು ವಿಷಯ ತೋರಿಸುತ್ತೇನೆ. ಮೊದಲನೆಯದು ಬಲಗೈ. ಗಿಟಾರಿನ ತಂತಿಗಳು ಕೊನೆಗೊಳ್ಳುವ ಕಡೆ ಅಂಗೈಯ ಅಂಚನ್ನು ಹಗುರವಾಗಿ ಊರಿ ಮೀಟಿದರೆ ನಾದ ಹರಡದೆ 'ಜುಗ್ ಜುಗ್' ಎಂದು ಕಟ್ಟಿದಂತೆ ಬರುತ್ತದೆ. ಹೆಚ್ಚು ಒತ್ತಿದರೆ ಸತ್ತುಹೋಗುತ್ತದೆ, ಬಿಟ್ಟರೆ ಚೆಲ್ಲುತ್ತದೆ. ಅದನ್ನು ಮೇಲಿನಿಂದ ಕೆಳಕ್ಕೇ ಮೀಟುತ್ತಾ ನಾಲ್ಕು ನಿಮಿಷ ಒಂದೇ ಅಳತೆಯಲ್ಲಿ ನಡೆಸಿ ನೋಡಿ. ಎರಡನೇ ನಿಮಿಷಕ್ಕೆ ನನ್ನ ಮುಂಗೈ ಕಲ್ಲಾಗುತ್ತಿತ್ತು.

ಎರಡನೆಯದು ಜೋಡಿ ಗಿಟಾರ್. ಮೆಟಲ್ ಹಾಡುಗಳು ಹೆಚ್ಚಾಗಿ ನಿಂತಿರುವುದು ಪಾಶ್ಚಾತ್ಯರು ಮೈನರ್ ಎನ್ನುವ ಸ್ವರಗಳ ಮೇಲೆ. ಅವು ನಮ್ಮ ನಟಭೈರವಿಯ ಸ್ವರಗಳೇ. ನಮ್ಮ ಕಛೇರಿಯಲ್ಲಿ ಇಬ್ಬರು ಪಿಟೀಲು ಹಿಡಿದರೂ ಒಟ್ಟಿಗೆ ನುಡಿಸುವಾಗ ಒಂದೇ ಸ್ವರದಲ್ಲಿ ಹೋಗುತ್ತಾರೆ. ಇಲ್ಲಿ ಹಾಗಲ್ಲ: ಒಬ್ಬ 'ಸ ರಿ ಗ' ಎಂದು ಹೊರಟರೆ, ಅದೇ ಗಳಿಗೆಯಲ್ಲಿ ಇನ್ನೊಬ್ಬ 'ಗ ಮ ಪ' ಎಂದು ಹೊರಡುತ್ತಾನೆ. ಎರಡೂ ಜೊತೆಜೊತೆಗೆ ಏರಿ ಇಳಿಯುತ್ತವೆ, ಎಲ್ಲೂ ಸೇರುವುದಿಲ್ಲ. ಥಿನ್ ಲಿಜ್ಜಿ, ಐರನ್ ಮೇಡನ್ ಬ್ಯಾಂಡುಗಳು ಬೆಳೆಸಿದ ಈ ವರಸೆ ನೋಲನ್ ಮತ್ತು ರೋಹಿತ್ ಅವರ ಕೈಯಲ್ಲಿ ಸಲೀಸಾಗಿ ಕೂತಿದೆ.

ಇನ್ನು ಕನ್ನಡದ ಪ್ರಶ್ನೆ. ಬೆಂಗಳೂರು ಬಹಳ ಕಾಲ ಎರಡು ಊರಾಗಿತ್ತು, ಪೇಟೆ ಮತ್ತು ದಂಡು. 1809ರಲ್ಲಿ ಬ್ರಿಟಿಷರ ಸೇನೆ ಬಂದು ದಂಡು ಪ್ರದೇಶ ಆಯಿತು, ಎರಡೂ ಒಂದೇ ನಗರಪಾಲಿಕೆ ಆದದ್ದು 1949ರಲ್ಲಿ. ಗಿಟಾರು, ಪಿಯಾನೊ, ಚರ್ಚಿನ ಹಾಡು, ಇಂಗ್ಲಿಷ್ ಪದ್ಯ ಎಲ್ಲ ದಂಡಿನ ಕಡೆ ಬೆಳೆದವು. ರಾಕ್ ಬೇರು ಬಿಟ್ಟದ್ದೂ ಅಲ್ಲೇ, ಆ ಭಾಷೆಯಲ್ಲೇ. ಬಸವನಗುಡಿ ಕಡೆಯಿಂದ ಬಸ್ ಹತ್ತಿ ಎಂಜಿ ರಸ್ತೆಗೆ ಹೋಗುತ್ತಿದ್ದ ನಮ್ಮಂಥವರಿಗೆ ಅದು ಮೊದಮೊದಲು ಪರಸ್ಥಳ. ಆಮೇಲೆ ಅಲ್ಲಿಯೂ 'ಗುರು, ಸೂಪರ್' ಎಂಬ ಕೂಗು ಕೇಳತೊಡಗಿತು. ಹಾಡು ಇಂಗ್ಲಿಷಿನದೇ ಇರಲಿ, ಹಾಡು ಹಾಡಿನ ನಡುವೆ ಜನ ಮಾತಾಡುವುದು ಕನ್ನಡವೇ. ಬೇವರ್ ಸೀ ಎಂದು ಇನ್ನೊಂದು ಬೆಂಗಳೂರು ಬ್ಯಾಂಡ್ ಇದೆ, 2012ರಲ್ಲಿ ಮೊದಲ ಆಲ್ಬಂ ತಂದರು. ಆ ಹೆಸರನ್ನು ಒಂದೇ ಉಸಿರಿಗೆ ಜೋರಾಗಿ ಓದಿ ನೋಡಿ, ನಮ್ಮ ಬೀದಿಯ ಬೈಗುಳವೊಂದು ಕೇಳಿಸುತ್ತದೆ. ಅಚ್ಚ ಕನ್ನಡದ ಸಾಹಿತ್ಯವಿರುವ, ಇದೇ ತೂಕದ ಮೆಟಲ್ ಆಲ್ಬಂ ಕೇಳಬೇಕೆಂಬ ಆಸೆ ನನಗೂ ಇದೆ. ಹಳಗನ್ನಡದ ಒತ್ತಕ್ಷರಗಳು ಈ ಲಯಕ್ಕೆ ಹೇಗೆ ಕೂರುತ್ತವೆ ಎಂದು ಬಚ್ಚಲಲ್ಲಿ ಹಾಡಿ ನೋಡಿದ್ದೇನೆ. ಚೆನ್ನಾಗಿಯೇ ಕೂರುತ್ತವೆ.

ಕೈಬೆರಳಿನಲ್ಲಿ ಕೊಂಬು ತೋರಿಸುವುದು ಯಾಕೆ, ಸೈತಾನನ ಪೂಜೆಯೇ ಎಂದೂ ಪ್ರಶ್ನೆಯ ಕೆಳಗೆ ಬರೆದಿದ್ದೀರಿ. ಆ ಸನ್ನೆಯನ್ನು ಮೆಟಲ್ ವೇದಿಕೆಗಳಲ್ಲಿ ಜನಪ್ರಿಯ ಮಾಡಿದವರು ಗಾಯಕ ರಾನಿ ಜೇಮ್ಸ್ ಡಿಯೊ. ಅವರ ಇಟಲಿ ಮೂಲದ ಅಜ್ಜಿ ಕೆಟ್ಟ ಕಣ್ಣು ತಾಗದಿರಲೆಂದು ಹಾಗೆ ಬೆರಳು ಮಡಿಸುತ್ತಿದ್ದರಂತೆ, ಮೊಮ್ಮಗ ಅದನ್ನೇ ಕಲಿತರು. ನಮ್ಮ ಮನೆಗಳಲ್ಲಿ ಉಪ್ಪು ಮೆಣಸಿನಕಾಯಿ ನಿವಾಳಿಸುವುದೂ ಅದಕ್ಕೇ ಅಲ್ಲವೇ ಸರ್.

ಮುಂದಿನ ಸಲ ಮಗ ಊರಿಗೆ ಬಂದಾಗ ಬೈಯಬೇಡಿ, 'ಬರ್ನ್ ಅಪ್ ದ ನೈಟ್' ಹಾಕಪ್ಪ ಎಂದು ಕೇಳಿ. ಮೊಬೈಲಿನ ಸ್ಪೀಕರಿನಲ್ಲಿ ಬೇಡ, ಅವನ ಹೆಡ್‌ಫೋನ್ ಇಸಿದುಕೊಳ್ಳಿ. ಮೊದಲ ಹಾಡಿಗೆ ತಲೆನೋವು ಎನಿಸಿದರೆ ತಪ್ಪಿಲ್ಲ, ಮಾತು ಅರ್ಥವಾಗದಿದ್ದರೂ ಪರವಾಗಿಲ್ಲ. ಎರಡು ಗಿಟಾರ್ ಜೊತೆಯಾಗಿ ಏರುವ ಕಡೆ ಕೈ ಎತ್ತಿ ತೋರಿಸು ಎಂದು ಅವನಿಗೆ ಹೇಳಿರಿ. ಅವನು ಖಂಡಿತ ತೋರಿಸುತ್ತಾನೆ.