ಇಲ್ಲದ ಸಂತ, ಇರುವ ಬ್ರೆಡ್ಡು

ಶಿವಮೊಗ್ಗದ ಓದುಗರೊಬ್ಬರ ಪತ್ರದ ಸಾರ: “ಅಮೆರಿಕದ ಮಿಷಿಗನ್‌ನಲ್ಲಿರುವ ಫಿನ್ನಿಷ್ ಮೂಲದವರ ಬಗ್ಗೆ ಕಳೆದ ಸಂಚಿಕೆಯಲ್ಲಿ ಅಕ್ಕರೆಯಿಂದ ಬರೆದಿದ್ದೀರಿ. ನಾಲ್ಕನೇ ತಲೆಮಾರಿನವರಿಗೆ ಫಿನ್ನಿಷ್‌ನಲ್ಲಿ ನೆಟ್ಟಗೆ ಒಂದು ವಾಕ್ಯ ಬರುವುದಿಲ್ಲ. ಫಿನ್‌ಲ್ಯಾಂಡಿನಲ್ಲೇ ಇಲ್ಲದ ಸಂತ ಉರ್ಹೋನ ಹಬ್ಬ ಮಾಡುತ್ತಾರೆ. ಭಾಷೆ ಹೋದ ಮೇಲೆ ಉಳಿಯುವುದು ವೇಷವಲ್ಲವೇ? ಅಂದಹಾಗೆ, ಆ ಏಲಕ್ಕಿ ಬ್ರೆಡ್ ಮಾಡುವ ಬಗೆ ತಿಳಿಸಿ.”

ಅವರನ್ನು ಬೈದು, ಕೊನೆಗೆ ಅವರದೇ ಬ್ರೆಡ್ಡಿಗೆ ಕೈಚಾಚಿದ್ದೀರಲ್ಲ, ಅದಕ್ಕೇ ನಿಮ್ಮ ಪತ್ರ ಆರಿಸಿಕೊಂಡೆ.

ಭಾಷೆ ಹೋದರೆ ನಷ್ಟವೇ, ಒಪ್ಪಿದೆ. ಅದೇ ಮಿಷಿಗನ್‌ನ ಹ್ಯಾನ್‌ಕಾಕ್ ಊರಿನಲ್ಲಿ ಫಿನ್ನಿಷ್ ವಲಸಿಗರು 1896ರಲ್ಲಿ ಶುರುಮಾಡಿದ ಸುವೊಮಿ ಕಾಲೇಜು ಮುಂದೆ ವಿಶ್ವವಿದ್ಯಾಲಯವಾಗಿ, 2023ರಲ್ಲಿ ಬಾಗಿಲು ಹಾಕಿತು. ನಿಮ್ಮ ಪರವಾಗಿ ಇಷ್ಟು ಸಾಕು.

ಈಗ ಉರ್ಹೋ. ಅವನು ಹುಟ್ಟಿದ್ದು 1950ರ ದಶಕದ ಮಿನೆಸೋಟದಲ್ಲಿ, ತಮಾಷೆಗೆ. ಐರಿಷ್ ಜನರ ಸಂತ ಪ್ಯಾಟ್ರಿಕ್ ಹಾವು ಓಡಿಸಿದ, ಅವನ ಹಬ್ಬ ಮಾರ್ಚ್ 17ಕ್ಕೆ. ನಮ್ಮವನು ಮಿಡತೆ ಓಡಿಸಿ ದ್ರಾಕ್ಷಿ ತೋಟ ಉಳಿಸಿದ, ಹಬ್ಬ ಒಂದು ದಿನ ಮೊದಲೇ, 16ಕ್ಕೆ! ಫಿನ್‌ಲ್ಯಾಂಡಿನ ಚಳಿಯಲ್ಲಿ ಎಲ್ಲಿಯ ದ್ರಾಕ್ಷಿ ತೋಟ? ಕಥೆ ಕಟ್ಟಿದವರಿಗೆ ಇದು ಗೊತ್ತಿಲ್ಲದೆ ಇರಲಿಲ್ಲ. ನೆರೆಯವನನ್ನು ಕೆಣಕುವಷ್ಟು ಸಲುಗೆ ಬಂದಿದೆ ಎಂದರೆ ಆ ಊರಲ್ಲಿ ಬೇರು ಇಳಿದಿದೆ ಎಂದೇ ಲೆಕ್ಕ. ಇದನ್ನು ವೇಷ ಅನ್ನುವುದಾದರೆ ನಮ್ಮ ಅರ್ಧ ಸ್ಥಳಪುರಾಣಗಳಿಗೆ ಏನನ್ನೋಣ?

ನೀವು ಕೇಳಿದ ಬ್ರೆಡ್ಡನ್ನು ಫಿನ್‌ಲ್ಯಾಂಡಿನಲ್ಲಿ ಇವತ್ತು ‘ಪುಲ್ಲ’ ಅನ್ನುತ್ತಾರೆ. ಮಿಷಿಗನ್‌ನವರು ‘ನಿಸು’ ಅನ್ನುತ್ತಾರೆ. ನಿಸು ಎಂದರೆ ಗೋಧಿಗೆ ಇದ್ದ ಹಳೆಯ ಫಿನ್ನಿಷ್ ಮಾತು. ತಾಮ್ರದ ಗಣಿಗೆ ಕೂಲಿಗೆ ಹೋದವರು ಗಂಟಿನಲ್ಲಿ ಕಟ್ಟಿಕೊಂಡು ಹೋದ ಮಾತನ್ನು ಇಟ್ಟುಕೊಂಡರು, ಮರೆತದ್ದು ತವರು. ಹಾಗಾದರೆ ಯಾರು ಅಸಲಿ, ಯಾರು ನಕಲಿ, ಹೇಳಿ ಸ್ವಾಮಿ?

ಭಾಷೆ ಹೋಗುವುದಕ್ಕೆ ಹೋದವರ ಸೋಮಾರಿತನವೇ ಕಾರಣ ಅನ್ನುವವರು ಸ್ವೀಡನ್ ಕಡೆ ನೋಡಬೇಕು. 1969 ಮತ್ತು 1970, ಎರಡೇ ವರ್ಷದಲ್ಲಿ ಸುಮಾರು 80,000 ಫಿನ್ನರು ಅಲ್ಲಿಯ ಕಾರ್ಖಾನೆಗಳಿಗೆ ಹೋದರು. ಮಕ್ಕಳ ಜೊತೆ ಮನೆಯಲ್ಲೂ ಸ್ವೀಡಿಷ್ಷೇ ಆಡಿ ಎಂದು ಉಪದೇಶಿಸುತ್ತಿದ್ದ ಕಾಲ ಅದು. ಫಿನ್ನಿಷ್‌ಗೆ ಅಲ್ಲಿ ಅಲ್ಪಸಂಖ್ಯಾತ ಭಾಷೆಯ ಸ್ಥಾನ ಸಿಕ್ಕಿದ್ದು 2000ದ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಆ ಮಕ್ಕಳು ತಾವೇ ಮಕ್ಕಳೊಂದಿಗರಾಗಿದ್ದರು.

ಇನ್ನು ಕಾಗದದ ನಂಟು. 2003ರ ಜೂನ್‌ವರೆಗೆ ಬೇರೆ ದೇಶದ ಪೌರತ್ವ ಬೇಡಿ ಪಡೆದ ಫಿನ್ನನಿಗೆ ತನ್ನದು ಹೋಗುತ್ತಿತ್ತು. ಈಗ ಎರಡೂ ಇರಬಹುದು, ಆದರೆ ಹೊರಗೆ ಹುಟ್ಟಿ ಬೆಳೆದ ಮಗುವಿಗೆ 22ರ ಗಡಿ ಉಂಟು. ಫಿನ್‌ಲ್ಯಾಂಡಿನಲ್ಲೋ ನೆರೆಯ ನಾರ್ಡಿಕ್ ದೇಶಗಳಲ್ಲೋ ಒಟ್ಟು ಏಳು ವರ್ಷ ವಾಸವಿರದಿದ್ದರೆ, 18 ತುಂಬಿದ ಮೇಲೆ 22 ತುಂಬುವುದರೊಳಗೆ ಫಿನ್ನಿಷ್ ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕು, ಇಲ್ಲವೇ ಪೌರತ್ವ ಉಳಿಸಿಕೊಳ್ಳುತ್ತೇನೆಂದು ರಾಯಭಾರ ಕಚೇರಿಗೆ ಬರೆದುಕೊಡಬೇಕು. ವಲಸೆ ಇಲಾಖೆ ಮುಂಚೆ ಒಂದು ಪತ್ರ ಕಳಿಸುತ್ತದೆ. ಎಡವಟ್ಟಾಗುವುದು ಅಲ್ಲೇ. ಅಪ್ಪ ಅಮ್ಮ ಮನೆ ಬದಲಿಸಿ ಜನಸಂಖ್ಯಾ ದಾಖಲೆಯಲ್ಲಿ ವಿಳಾಸ ತಿದ್ದಿಸಿರುವುದಿಲ್ಲ, ಪತ್ರ ಹಳೇ ಬಾಗಿಲಿಗೆ ಹೋಗುತ್ತದೆ.

ಮತದ ವಿಷಯದಲ್ಲಿ ಮಾತ್ರ ಆ ದೇಶಕ್ಕೆ ಕೈಮುಗಿಯಬೇಕು. 2019ರ ಸಂಸತ್ ಚುನಾವಣೆಯಿಂದ ಹೊರಗಿನವರು ಅಂಚೆಯಲ್ಲೇ ಮತ ಹಾಕಬಹುದು. ಅಭ್ಯರ್ಥಿಯ ಸಂಖ್ಯೆ ಬರೆದ ಚೀಟಿ ಸಣ್ಣ ಲಕೋಟೆಗೆ, ಅದು ಮತ್ತು ಸಹಿ ಮಾಡಿದ ಪತ್ರ ದೊಡ್ಡ ಲಕೋಟೆಗೆ. ಇಬ್ಬರು ಸಾಕ್ಷಿಗಳು ಎದುರಿಗಿದ್ದು ಸಹಿ ಹಾಕಬೇಕು. ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಹೆತ್ತವರು ಸಾಕ್ಷಿಯಾಗುವಂತಿಲ್ಲ. ಭಾನುವಾರದ ಮತದಾನಕ್ಕೆ ಹಿಂದಿನ ಶುಕ್ರವಾರದೊಳಗೆ ಲಕೋಟೆ ಅಲ್ಲಿ ಮುಟ್ಟಿರಬೇಕು.

ನಮ್ಮಲ್ಲಿ? ಬೇರೆ ದೇಶದ ಪೌರತ್ವ ತೆಗೆದುಕೊಂಡ ದಿನವೇ ಭಾರತದ್ದು ಹೋಯಿತು, ಹೊರದೇಶದ ಪೌರರಾದ ಭಾರತೀಯ ಮೂಲದವರ ಕೈಗೆ ಕೊಡುವ ಒಸಿಐ ಕಾರ್ಡಿಗೆ ಮತವಿಲ್ಲ. ಪೌರತ್ವ ಬಿಡದೆ ಹೊರಗಿರುವವನೂ ಮತ ಹಾಕಬೇಕಾದರೆ ವಿಮಾನ ಹತ್ತಿ ತನ್ನೂರಿನ ಮತಗಟ್ಟೆಗೇ ಬಂದು ನಿಲ್ಲಬೇಕು. ಅವರು ಕಳಿಸುವ ಹಣ ಬೇಕು, ರಾಜ್ಯೋತ್ಸವಕ್ಕೆ ಅವರ ಫೋಟೊ ಬೇಕು. ಶನಿವಾರ, ಭಾನುವಾರ ನಿದ್ದೆಗೆಟ್ಟು ಮಕ್ಕಳಿಗೆ ಅಆಇಈ ತಿದ್ದಿಸುವ ತಾಯಂದಿರ ಕನ್ನಡ ‘ಹಳೇ ಕಾಲದ್ದು’ ಎಂದು ನಗುವುದಕ್ಕೆ ಮಾತ್ರ ನಾವು ಮುಂದೆ. ನಿಮ್ಮ ಪತ್ರದಲ್ಲಿ ಆ ನಗುವಿನ ವಾಸನೆ ಸ್ವಲ್ಪ ಬಡಿಯಿತು, ಬೇಸರಿಸಬೇಡಿ.

ನಿಸುವಿಗೆ ಬನ್ನಿ. ಅರ್ಧ ಲೀಟರ್ ಹಾಲು, 50 ಗ್ರಾಂ ಹಸಿ ಯೀಸ್ಟ್, ಒಂದು ಮೊಟ್ಟೆ, 150 ಗ್ರಾಂ ಸಕ್ಕರೆ, ಒಂದು ಚಮಚ ಉಪ್ಪು, ಸುಮಾರು ಒಂದು ಕಿಲೋ ಮೈದಾ, 150 ಗ್ರಾಂ ಬೆಣ್ಣೆ. ಹಾಲು ಉಗುರುಬೆಚ್ಚಗಿರಲಿ, ಸುಡುವಂತಿದ್ದರೆ ಯೀಸ್ಟ್ ಸಾಯುತ್ತದೆ. ಬೆಣ್ಣೆ ಕೊನೆಗೆ ಹಾಕಿ ನಾದಿ. ಮೊದಲೇ ಹಾಕಿದರೆ ಜಿಡ್ಡು ಹಿಟ್ಟಿಗೆ ಅಂಟಿಕೊಂಡು ಎಳೆ ಬರುವುದಿಲ್ಲ. ಇಮ್ಮಡಿ ಉಬ್ಬಿದ ಮೇಲೆ ಮೂರೆಳೆ ಜಡೆ ಹೆಣೆಯಿರಿ, ಇನ್ನೊಮ್ಮೆ ಉಬ್ಬಲು ಬಿಡಿ, ಮೊಟ್ಟೆ ಸವರಿ 200 ಡಿಗ್ರಿಯಲ್ಲಿ ಕಂದು ಬಣ್ಣ ಬರುವವರೆಗೆ ಬೇಯಿಸಿ. ಏಲಕ್ಕಿ ದೊಡ್ಡ ಚಮಚದಷ್ಟು ಬೇಕು. ಅಂಗಡಿಯ ಪುಡಿಯಲ್ಲಿ ಘಮ ಹೋಗಿರುತ್ತದೆ, ಸಿಪ್ಪೆ ಬಿಡಿಸಿ ಕಾಳನ್ನು ಆಗಲೇ ತರಿತರಿಯಾಗಿ ಕುಟ್ಟಿ. ನಿಮ್ಮ ಊರಿಂದ ಘಟ್ಟ ದೂರವೇನಿಲ್ಲ, ಒಳ್ಳೆ ಕಾಯಿ ಸಿಗುತ್ತದೆ.

— ಸಂಪಾದಕ