ವಿಮಾನದ ಚಕ್ರಗಳು ಮಡಚಿಹೋಗುತ್ತಿವೆ!

ಪ್ರಶ್ನೆ: ಮಗಳು ಲೆಗೊ ಟೆಕ್ನಿಕ್ (ಗೇರು, ಮೋಟಾರುಗಳಿರುವ ಜೋಡಣೆ ಆಟಿಕೆ) ಬಿಡಿಭಾಗಗಳಿಂದ ವಿಮಾನ ಕಟ್ಟಿದ್ದಾಳೆ. ಮೋಟಾರಿನಿಂದ ಚಕ್ರಗಳು ಒಳಗೆ ಮಡಚಿಕೊಳ್ಳುತ್ತವೆ. ಆದರೆ ನೆಲಕ್ಕಿಟ್ಟ ಕೂಡಲೇ ಭಾರಕ್ಕೆ ತಾವಾಗಿಯೇ ಕುಸಿಯುತ್ತವೆ. ಪರಿಹಾರವೇನು? ಇದು ಹಾರಬಲ್ಲದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಚಕ್ರ ಮಡಚುವ ವಿಮಾನವನ್ನೇ ಕಟ್ಟಿದ್ದಾಳೆಂದರೆ ಮಗಳು ಶಾಭಾಸ್‌ಗಿರಿಗೆ ಅರ್ಹಳು, ಮೊದಲು ಅದನ್ನು ತಿಳಿಸಿ. ದೋಷ ಮೋಟಾರಿನದಲ್ಲ, ಗೇರುಗಳ ಜೋಡಣೆಯದು. ಸಾಮಾನ್ಯ ಹಲ್ಲುಚಕ್ರಗಳು ಎರಡೂ ಕಡೆಯಿಂದ ತಿರುಗುತ್ತವೆ. ಮೋಟಾರ್ ಚಕ್ರದ ಕಾಲನ್ನು ಎತ್ತುವ ಹಾಗೆಯೇ ವಿಮಾನದ ಭಾರ ಮೋಟಾರನ್ನು ಹಿಂದಕ್ಕೆ ತಿರುಗಿಸುತ್ತದೆ. ಸ್ಕ್ರೂನಂತೆ ಸುರುಳಿ ಹಲ್ಲಿರುವ ವರ್ಮ್ ಗೇರನ್ನು ಮೋಟಾರ್ ತಿರುಗಿಸುವ ಅಚ್ಚಿಗೆ (ಆಕ್ಸಲ್) ಹಾಕಿ, 24 ಹಲ್ಲಿನ ಗೇರಿಗೆ ಕೂಡಿಸಲಿ. ವರ್ಮ್ 24 ಸುತ್ತು ತಿರುಗಿದಾಗ ಆ ಗೇರು ಒಂದೇ ಸುತ್ತು ತಿರುಗುತ್ತದೆ. ಕಾಲು ನಿಧಾನವಾಗಿ, ಬಲವಾಗಿ ಏಳುತ್ತದೆ. ಕೆಳಗಿನಿಂದ ಒತ್ತಿದರೆ ವರ್ಮ್ ತಿರುಗುವುದಿಲ್ಲ, ಕಾಲು ನಿಂತಲ್ಲೇ ನಿಲ್ಲುತ್ತದೆ. ಅಚ್ಚನ್ನು ಎರಡೂ ತುದಿಯಲ್ಲಿ ಬೀಮ್‌ಗಳಿಂದ (ತೂತುಗಳಿರುವ ಉದ್ದ ಪಟ್ಟಿಗಳು) ಹಿಡಿಸುವುದನ್ನು ಮರೆಯಬಾರದು, ಇಲ್ಲದಿದ್ದರೆ ಹಲ್ಲು ಜಾರುತ್ತದೆ.

ಹಾರಾಟ ಕಷ್ಟ. ಲೆಗೊ ಬಿಡಿಭಾಗಗಳ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್, ಬ್ಯಾಟರಿ ಪೆಟ್ಟಿಗೆ ಎರಡೂ ಭಾರ. ಹಾರಿಸುವ ಆಸೆಯಿದ್ದರೆ ಹಗುರವಾದ ಬಾಲ್ಸಾ ಮರ ಅಥವಾ ಫೋಮ್ ಹಾಳೆಯಲ್ಲಿ ಬೇರೊಂದು ಮಾದರಿ ಮಾಡಿಸಿ. ಈ ವಿಮಾನಕ್ಕೆ ಪ್ರೊಪೆಲ್ಲರ್ ಸೇರಿಸುವುದಾದರೆ ಪ್ರತ್ಯೇಕ ಮೋಟಾರ್ ಕೊಡಿ, ಅಲ್ಲಿ ವೇಗ ಬೇಕು, ವರ್ಮ್ ಬೇಡ.